ಸೌಟಿನ ಅಳತೆ

ಆ ಮನೆಯಲ್ಲಿ ಊಟದ ತಟ್ಟೆಗೆ ಮೊಟ್ಟೆ ಬಿತ್ತೆಂದರೆ ಅದು ಸಂತೋಷದ ಸುದ್ದಿಯಲ್ಲ. ಮೊಟ್ಟೆ ಮಾರುವವರ ಮನೆಯ ನಿಯಮವೇ ಹಾಗೆ, ಗಟ್ಟಿ ಇದ್ದದ್ದು ಗಿರಾಕಿಗೆ, ಒಡೆದದ್ದು ಮನೆಗೆ. ಮನೆಯೊಡತಿ ತನ್ನ ಹಳೇ ಬಿಳಿ ಕಾರಿನ ಹಿಂದಿನ ಸೀಟು ಕಿತ್ತು ಹಲಗೆ ಹಾಕಿಸಿ, ದಿನಾ ಬೆಳಿಗ್ಗೆ ಊರಾಚೆಯ ಕೋಳಿ ಫಾರಂನಿಂದ ಟ್ರೇಗಟ್ಟಲೆ ಮೊಟ್ಟೆ ತಂದು ಅಂಗಡಿ, ಬೇಕರಿ, ಹಾಸ್ಟೆಲುಗಳಿಗೆ ಹಾಕುತ್ತಿದ್ದಳು. ಊರೆಲ್ಲ ಅವಳನ್ನು ಮೊಟ್ಟೆಯಮ್ಮ ಎಂದೇ ಕರೆಯುತ್ತಿತ್ತು. ಅವಳು ಗೇರು ಬದಲಿಸಿದ್ದು ಪಕ್ಕದಲ್ಲಿ ಕೂತವರಿಗೇ ಗೊತ್ತಾಗುತ್ತಿರಲಿಲ್ಲ, ಇನ್ನು ಹಿಂದೆ ಕೂತ ಮೊಟ್ಟೆಗೆ ಹೇಗೆ ಗೊತ್ತಾಗಬೇಕು? ಹೀಗಾಗಿ ಮನೆಯವರಿಗೆ ಮೊಟ್ಟೆ ತಿನ್ನುವ ಯೋಗ ಅಪರೂಪವಾಗಿತ್ತು. ಮಗ ಚಿಕ್ಕವನಿದ್ದಾಗ, ಇವತ್ತಾದರೂ ಒಂದು ಗುಂಡಿಗೆ ಇಳಿಸಮ್ಮ ಎಂದು ಬೇಡಿಕೊಳ್ಳುತ್ತಿದ್ದನಂತೆ.

ಈಗ ನೋಡಿದರೆ ಬೆಳಿಗ್ಗೆ ಬೇಯಿಸಿದ ಮೊಟ್ಟೆ, ಮಧ್ಯಾಹ್ನ ಹುರಿದ ಮೊಟ್ಟೆ, ರಾತ್ರಿ ಬೇಳೆಯೊಳಗೆ ಒಡೆದು ಹಾಕಿದ ಮೊಟ್ಟೆ. ಕಾರಣವಿಷ್ಟೇ, ಕಾರು ಈಗ ಆ ಮಗನ ಕೈಗೆ ಬಂದಿತ್ತು. ಅವನು ಲೈನ್‌ಮನ್. ಕರೆಂಟಿನ ಕಂಬವನ್ನು ಬೆಕ್ಕಿನ ಹಾಗೆ ಹತ್ತುವವನು, ಕಾರಿನಲ್ಲಿ ಕೂತರೆ ಮಾತ್ರ ಕೈಕಾಲು ತನ್ನವಲ್ಲ ಎನ್ನುವಂತೆ ಆಡುತ್ತಿದ್ದ. ಡ್ಯೂಟಿಗೆ ಹೊತ್ತಾಯಿತೆಂದು ಗಡಿಬಿಡಿಯಲ್ಲಿ ಕ್ಲಚ್ ಬಿಟ್ಟರೆ ಕಾರು ಮುಗ್ಗರಿಸುತ್ತಿತ್ತು, ಹಿಂದೆ ಟ್ರೇಗಳು ಒಂದರ ಹಣೆ ಒಂದು ಚಚ್ಚುತ್ತಿದ್ದವು. ಬೇಕರಿಯವನು ಆಗಲೇ ಎರಡು ಸಲ ಟ್ರೇ ವಾಪಸ್ ಕಳಿಸಿದ್ದ.

ಮೊಟ್ಟೆಯಮ್ಮ ಜಾರಿ ಬಿದ್ದದ್ದು ಹಿತ್ತಲಿನ ಶೆಡ್ಡಿನಲ್ಲಿ. ಅವಳ ಗಂಡ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವನು. ನಿವೃತ್ತನಾಗುವಾಗ, ಕಾರ್ಖಾನೆಯವರು ಬೇಡವೆಂದು ಮೂಲೆಗೆ ತಳ್ಳಿದ್ದ ಮರ, ಲೋಹವನ್ನು ತಿರುಗಿಸಿ ಕಡೆಯುವ ಸಣ್ಣದೊಂದು ಲೇತ್ ಯಂತ್ರವನ್ನು ಕೊಂಡು ತಂದು ಬಚ್ಚಲ ಪಕ್ಕದ ಶೆಡ್ಡಿನಲ್ಲಿ ಕೂರಿಸಿದ್ದ. ಬೀದಿಯವರು ಅವನಿಗಿಟ್ಟ ಹೆಸರು ಲೇತಪ್ಪ. ಲೇತಿನ ಮುಂದೆ ನಿಂತನೆಂದರೆ ಮನೆಗೆ ಬೆಂಕಿ ಬಿದ್ದರೂ ಕೇಳಿಸುವ ಆಸಾಮಿಯಲ್ಲ. ಅವತ್ತು ಊಟಕ್ಕೆ ಕರೆದು ಕರೆದು ಸಾಕಾಗಿ ಮೊಟ್ಟೆಯಮ್ಮನೇ ಎದ್ದು ಹೋದಳು, ನೆಲಕ್ಕೆ ಚೆಲ್ಲಿದ್ದ ಎಣ್ಣೆಯ ಮೇಲೆ ಕಾಲಿಟ್ಟಳು, ಎಡ ಮಂಡಿ ಮುರಿಯಿತು. ಆಪರೇಷನ್ ಆಯಿತು, ಕಟ್ಟು ಬಿಚ್ಚಿದರು, ಕೋಲು ಹಿಡಿದು ಓಡಾಡುವಂತಾದಳು. ಆದರೆ ಮಂಡಿ ಅರ್ಧಕ್ಕಿಂತ ಹೆಚ್ಚು ಮಡಚಲಿಲ್ಲ. ಕ್ಲಚ್ ತುಳಿಯುವ ಬಲ ಆ ಕಾಲಿಗೆ ಇನ್ನು ಬರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಅವತ್ತೇ ಲೇತಪ್ಪ ಶೆಡ್ಡಿಗೆ ಬೀಗ ಜಡಿದ.

ಸೊಸೆಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ, ಮಗನಿಗೆ ಮೊಟ್ಟೆ ಮತ್ತು ಕಂಬ, ಅತ್ತೆ ಹೆಚ್ಚು ಹೊತ್ತು ನಿಲ್ಲುವಂತಿಲ್ಲ. ಹೀಗೆ ಒಲೆ ಲೇತಪ್ಪನ ಪಾಲಿಗೆ ಬಂತು. ಅವನು ಅಡುಗೆಯನ್ನೂ ಕಾರ್ಖಾನೆಯ ಶಿಸ್ತಿನಲ್ಲೇ ಮಾಡುತ್ತಿದ್ದ. ಆಲೂಗಡ್ಡೆ ಹೋಳುಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತಿದ್ದವು, ಬೆಂದಿರುತ್ತಿರಲಿಲ್ಲ ಅಷ್ಟೇ. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತ ಮೊಟ್ಟೆಯಮ್ಮ ಈರುಳ್ಳಿ ಸುಲಿಯುತ್ತ, ಉರಿ ಸಣ್ಣ ಮಾಡಿ, ತಳ ಹತ್ತುತ್ತೆ ನೋಡಿ ಎಂದು ಅಲ್ಲಿಂದಲೇ ಯಂತ್ರ ನಡೆಸುತ್ತಿದ್ದಳು.

ಅಡುಗೆಮನೆಯಲ್ಲಿ ಲೇತಪ್ಪನಿಗೆ ಮನಸ್ಸಿಗೆ ಹಿಡಿಸಿದ ವಸ್ತು ಒಂದೇ, ಸೌಟು. ಮದುವೆಯಾದ ಹೊಸದರಲ್ಲಿ ಅವನೇ ಗಟ್ಟಿ ಮರದ ತುಂಡನ್ನು ಕಾರ್ಖಾನೆಯ ಲೇತಿಗೆ ಕೊಟ್ಟು ಹಿಡಿ ಕಡೆದು, ಅದರ ಕುತ್ತಿಗೆಗೆ ಹಿತ್ತಾಳೆಯ ಉಂಗುರ ತೊಡಿಸಿ, ಕಾಗದದಲ್ಲಿ ಸುತ್ತಿ ಹೆಂಡತಿಗೆ ತಂದುಕೊಟ್ಟಿದ್ದು. ಅಂದಿನಿಂದ ಆ ಮನೆಯ ಪಾತ್ರೆಯಲ್ಲಿ ಬೇರೆ ಸೌಟು ಆಡಿದ್ದಿಲ್ಲ.

“ಹಿಡಿ ಹ್ಯಾಗೆ ಕೈಗೆ ಕೂರುತ್ತೆ ನೋಡಮ್ಮ,” ಎಂದ ಸೊಸೆಗೆ. “ಇಷ್ಟು ವರ್ಷ ಆದ್ರೂ ಒಂದು ಬಿರುಕಿಲ್ಲ.”

“ಹೂಂ,” ಎಂದಳು ಮೊಟ್ಟೆಯಮ್ಮ ಹಿಂದಿನಿಂದ, ಮತ್ತೊಂದು ಈರುಳ್ಳಿ ತೆಗೆದುಕೊಂಡಳು.

ಜಗಳ ಶುರುವಾದದ್ದು ಒಂದು ಸಂಜೆ ಊಟಕ್ಕೆ ಕೂತಾಗ. ಮಗ ತಟ್ಟೆಯಲ್ಲಿದ್ದ ಮೊಟ್ಟೆಯನ್ನು ಬೆರಳಿಂದ ಬದಿಗೆ ತಳ್ಳಿ, ಇದು ಹೀಗೇ ನಡೆಯೋದಿಲ್ಲ ಎಂದ. ವ್ಯಾನ್ ಇಟ್ಟುಕೊಂಡವನೊಬ್ಬ ಕೇಳುತ್ತಿದ್ದಾನಂತೆ, ಕಾರನ್ನೂ ತಗೊಳ್ಳುತ್ತಾನಂತೆ, ಗಿರಾಕಿಗಳನ್ನೂ ವಹಿಸಿಕೊಳ್ಳುತ್ತಾನಂತೆ, ತಿಂಗಳ ಕೊನೆಗೆ ಉತ್ತರ ಬೇಕಂತೆ.

“ಗಿರಾಕಿಗಳೇನು ಬದನೆಕಾಯಾ, ಗಿಡದಿಂದ ಕಿತ್ತು ಕೊಡೋಕೆ?” ಎಂದಳು ಮೊಟ್ಟೆಯಮ್ಮ.

“ಅಮ್ಮ, ನಿನ್ನ ಕಾಲು ಆಗಲ್ಲ. ನನಗೆ ಹೊತ್ತಿಲ್ಲ. ಇವಳಿಗೆ ಡ್ರೈವಿಂಗ್ ಬರಲ್ಲ. ಆ ಕಾರು ಯಾರಿಗೆ ಬೇಕು, ಹೇಳು.”

“ನನಗೆ ಬೇಕು.”

“ಬೇಕಾಗಿ ಏನು ಮಾಡ್ತೀಯ?”

ಮೊಟ್ಟೆಯಮ್ಮ ಕೈಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು. ಬೆಳಗಾಗುವ ಮೊದಲು ಕಾರಿನ ಬಾಗಿಲು ತೆಗೆದಾಗ ಬರುವ ಹೊಟ್ಟಿನ ವಾಸನೆ, ಹಾಸ್ಟೆಲಿನ ಅಡುಗೆಯವಳ ಜೊತೆ ಗೇಟಿನಲ್ಲಿ ಹರಟೆ, ಬೇಕರಿಯವನು ಕೊಡುವ ಬಿಸಿ ಚಹಾ, ಇವನ್ನೆಲ್ಲ ಊಟದ ತಟ್ಟೆಯ ಮುಂದೆ ಮಗನಿಗೆ ಹೇಗೆ ಹೇಳುವುದು? ಮನೆಯಲ್ಲಿ ಅವಳು ಅಮ್ಮ, ಅತ್ತೆ, ಲೇತಪ್ಪನ ಹೆಂಡತಿ. ಆ ಕಾರಿನಲ್ಲಿ ಮಾತ್ರ ಅವಳು ಮೊಟ್ಟೆಯಮ್ಮ. ಅವಳು ಗಂಡನ ಕಡೆ ತಿರುಗಿ, ನೀವೇನಂತೀರಿ ಎಂದು ಕೇಳಿದಳು.

ಲೇತಪ್ಪ ತುತ್ತು ನುಂಗಿದ. ಸೌಟು ಎತ್ತಿ ಹಿಡಿದು ಮಗನನ್ನು, “ಇನ್ನೊಂಚೂರು ಬೇಳೆ ಹಾಕ್ಲಾ?” ಎಂದು ಕೇಳಿದ.

ಅಲ್ಲಿಗೆ ಮುಗಿಯಿತು. ಆ ಸಂಜೆಯಿಂದ ಮೊಟ್ಟೆಯಮ್ಮ ಗಂಡನ ಜೊತೆ ಮಾತು ಬಿಟ್ಟಳು. ಬಿಟ್ಟಳು ಎಂದರೆ ಬಾಯಿ ಮುಚ್ಚಿದಳು ಎಂದಲ್ಲ. ಗೋಡೆಗೆ ಹೇಳುತ್ತಿದ್ದಳು, ಗಂಡ ಕೇಳಿಸಿಕೊಳ್ಳಬೇಕಿತ್ತು. “ಉಪ್ಪು ಜಾಸ್ತಿ ಆಯ್ತು ಅಂತ ಯಾರಾದ್ರೂ ಯಾರಿಗಾದ್ರೂ ಹೇಳಿ” ಎನ್ನುವಳು. ಲೇತಪ್ಪನೂ ಗೋಡೆಗೇ, “ಸರಿ” ಎನ್ನುವನು. ಸೊಸೆಗೆ ನಗು ತಡೆಯುವುದೇ ಒಂದು ಕೆಲಸವಾಯಿತು.

ಕೆಲವು ದಿನ ಕಳೆದ ಮೇಲೆ ಹಿತ್ತಲಿನಲ್ಲಿ ಬೀಗ ತೆಗೆದ ಸದ್ದಾಯಿತು, ಹಿಂದೆಯೇ ಲೇತಿನ ಮೋಟರು ಗುಂಯ್ ಎಂದಿತು, ಅದರ ಹಿಂದೆಯೇ ಮನೆಯ ಕರೆಂಟು ಹೋಯಿತು. ಸೊಸೆ ಆಗ ತಾನೇ ಬಟ್ಟೆಗೆ ಇಸ್ತ್ರಿ ಪೆಟ್ಟಿಗೆ ಹಚ್ಚಿದ್ದಳು. ಇಸ್ತ್ರಿ ಮತ್ತು ಲೇತ್ ಒಟ್ಟಿಗೆ ನಡೆದರೆ ಫ್ಯೂಸ್ ಹೋಗುವುದು ಆ ಮನೆಯ ಹಳೆಯ ರೋಗ. ಊರಿಗೆಲ್ಲ ಬೆಳಕು ಕೊಡುವ ಮಗ ತನ್ನ ಮನೆಯ ಫ್ಯೂಸಿಗೆ ತಂತಿಯ ಚೂರು ಸುತ್ತಿ ವರ್ಷಗಟ್ಟಲೆ ಕಾಲ ತಳ್ಳಿದ್ದ. ದೀಪದ ಬುಡದಲ್ಲೇ ಕತ್ತಲೆ ಎಂದು ತಾಯಿ ಆಡಿಕೊಂಡರೆ, ನಾಳೆ ಸರಿ ಮಾಡ್ತೀನಿ ಎಂದು ಸ್ಟೂಲು ಹತ್ತಿ ಮತ್ತೊಂದು ತಂತಿ ಸುತ್ತುತ್ತಿದ್ದ. ಇವತ್ತೂ ಅಷ್ಟೇ. ಶೆಡ್ಡಿನಲ್ಲಿ ಏನು ಕೆಲಸ ಎಂದು ಕೇಳಿದರೆ ಲೇತಪ್ಪ, ನಲ್ಲಿ ಸೋರ್ತಿತ್ತು ಎಂದ. ಆ ಮನೆಯ ಯಾವ ನಲ್ಲಿಯೂ ಸೋರುತ್ತಿರಲಿಲ್ಲ.

ಗುಟ್ಟು ಮೊದಲು ಸಿಕ್ಕಿದ್ದು ಸೊಸೆಗೆ. ಅಂಗಡಿಯಿಂದ ಬೇಗ ಬಂದವಳು ನೀರು ಕುಡಿಯಲು ಅಡುಗೆಮನೆಗೆ ಹೋದರೆ, ಮಾವ ಕಿಟಕಿಯ ಬೆಳಕಿಗೆ ಸೌಟು ಹಿಡಿದು ಅದರ ಹಿಡಿಗೆ ವರ್ನಿಯರ್ ಕಚ್ಚಿಸಿ ಅಳತೆ ನೋಡುತ್ತಿದ್ದ.

“ಸೌಟಿಗೆ ಜ್ವರ ಬಂದಿದ್ಯಾ ಮಾವ?”

ಲೇತಪ್ಪ ಬಾಗಿಲ ಕಡೆ ನೋಡಿದ. ಮೊಟ್ಟೆಯಮ್ಮ ಒಳಕೋಣೆಯಲ್ಲಿ ಮಲಗಿದ್ದಳು. ಸೊಸೆಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಶೆಡ್ಡಿನ ಮೇಜಿನ ಮೇಲಿದ್ದ ಚಿಂದಿ ಬಟ್ಟೆ ಸರಿಸಿ ತೋರಿಸಿದ. ಬೆಳ್ಳಿಯ ಬಣ್ಣದ ಒಂದು ಅಲ್ಯೂಮಿನಿಯಂ ದಿಂಡು, ಅರ್ಧ ಕೊರೆದ ಒಂದು ಸಣ್ಣ ಲಿವರ್, ಹಿತ್ತಾಳೆಯ ಎರಡು ಬಳೆಯಂಥವು. ಗೇರಿನ ಕೋಲಿನ ತುದಿಯ ಗುಂಡು ತೆಗೆದು ಅಲ್ಲಿ ಈ ಹಿಡಿ ಕೂರಿಸುತ್ತಾನಂತೆ. ಹಿಡಿಯ ಮುಂದೆ, ಬೈಕಿನ ಬ್ರೇಕಿನ ಹಾಗೆ, ಬೆರಳಿಂದ ಎಳೆಯುವ ಲಿವರ್. ಅದನ್ನು ಎಳೆದರೆ ಕೇಬಲ್ ಕ್ಲಚ್ ಪೆಡಲನ್ನು ಕೆಳಗೆ ಎಳೆಯುತ್ತದೆ. ಭಾರ ಹಗುರವಾಗಲಿ ಎಂದು ನಡುವೆ ಬಾವಿಯ ರಾಟೆಯಂಥ ಒಂದು ಗಾಲಿ ಕೊಡುತ್ತಾನೆ. ಎಡಗಾಲಿಗೆ ಕೆಲಸವೇ ಇಲ್ಲ. ಹೊಸ ಕಾರುಗಳಿಗೆ ಇದು ಸಿದ್ಧವಾಗಿಯೇ ಸಿಗುತ್ತದೆ, ಈ ಮುದಿ ಕಾರಿಗೆ ಮಾತ್ರ ಯಾರೂ ಮಾಡಿಕೊಡುವುದಿಲ್ಲ ಎಂದು ವಿವರಿಸಿದ. ಇಷ್ಟು ದಿನ ಬೇಳೆ, ಉಪ್ಪು, ಉರಿ ಎಂದಷ್ಟೇ ಮಾತಾಡಿದ್ದವನು ಒಂದೇ ಉಸಿರಿಗೆ ಇಷ್ಟು ಹೇಳಿದ್ದು ಕೇಳಿ ಸೊಸೆಗೆ ಖುಷಿಯಾಯಿತು. ಜೊತೆಗೇ ಒಂದು ಅನುಮಾನವೂ ಬಂತು.

“ಅತ್ತೆ ಕೈ ಅಳತೆ ತಗೊಂಡ್ರಾ?”

ಲೇತಪ್ಪ ಸೌಟು ಎತ್ತಿ ತೋರಿಸಿದ.

“ಮಾವ, ನಮ್ಮ ಅಂಗಡೀಲಿ ಮೂಗು ನೋಡದೆ ಕನ್ನಡಕ ಕೊಡಲ್ಲ.”

“ಮೂಗಿನ ಮಾತು ಬೇರೆ. ಈ ಹಿಡಿ ನಿಮ್ಮತ್ತೆ ಕೈಯಲ್ಲೇ ಸವೆದಿದೆ. ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು?”

“ಆದ್ರೂ ಒಂದು ಮಾತು ಕೇಳಿಬಿಡಿ.”

ಲೇತಪ್ಪ ಚಿಂದಿ ಬಟ್ಟೆಯಿಂದ ಕೈ ಒರೆಸಿದ, ಒರೆಸಿದ ಕೈಯನ್ನೇ ಮತ್ತೆ ಒರೆಸಿದ. “ಹ್ಯಾಗೆ ಕೇಳಲಿ? ಆ ಎಣ್ಣೆ ಚೆಲ್ಲಿದ್ದು ನಾನು. ಒರೆಸಬೇಕು ಅಂದ್ಕೊಂಡೆ, ಆಮೇಲೆ ಒರೆಸಿದ್ರಾಯ್ತು ಅಂತ ಬಿಟ್ಟೆ. ಈಗ ಕಾರು ಓಡಿಸಬಹುದು ಅಂತ ಆಸೆ ಹುಟ್ಟಿಸಿ, ಕೆಲಸ ಕೆಟ್ಟರೆ, ಅವಳ ಮುಖ ಯಾವ ಬಾಯಲ್ಲಿ ನೋಡಲಿ?”

ಮುಖವನ್ನು ಬಾಯಲ್ಲಿ ನೋಡುವುದಿಲ್ಲ ಎಂದು ತಿದ್ದುವ ಹೊತ್ತು ಅದಾಗಿರಲಿಲ್ಲ. ಮಾವ ಲೇತ್ ನಡೆಸುವ ಹೊತ್ತಿಗೆ ತಾನು ಇಸ್ತ್ರಿ ಮಾಡುವುದಿಲ್ಲ ಎಂದು ಸೊಸೆ ಮಾತು ಕೊಟ್ಟಳು. ಆ ವಾರವೆಲ್ಲ ಗಂಡನ ಅಂಗಿಗಳು ಸುಕ್ಕುಸುಕ್ಕಾಗಿಯೇ ಕಂಬ ಹತ್ತಿದವು.

ಲೇತಪ್ಪ ಮತ್ತೆ ಮನುಷ್ಯನಾದ. ಅಲ್ಯೂಮಿನಿಯಂ ಸುರುಳಿಸುರುಳಿಯಾಗಿ ಬಿಚ್ಚಿ ಕಾಲ ಬಳಿ ಬೀಳುತ್ತಿತ್ತು, ಅದನ್ನು ಆಗಾಗಲೇ ಗುಡಿಸುತ್ತಿದ್ದ. ಎಣ್ಣೆ ಒಂದು ತೊಟ್ಟು ಬಿದ್ದರೂ ಮರದ ಹೊಟ್ಟು ಸುರಿದು, ಬಳಿದು, ಅದರ ಮೇಲೆ ಗೋಣಿಚೀಲ ಹಾಸುತ್ತಿದ್ದ. ತಿರುಗುವ ಗೂಟಕ್ಕೆ ಉಕ್ಕು, ಅದು ತಿರುಗುವ ತೂತಿಗೆ ಹಿತ್ತಾಳೆಯ ಬಳೆ, ಅಂದರೆ ಬುಷ್. ಬುಷ್ ಬಿಗಿಯಾದರೆ ಲಿವರ್ ಅಂಟುತ್ತದೆ, ಸಡಿಲವಾದರೆ ಲಟಲಟ ಎನ್ನುತ್ತದೆ. ಎರಡು ಬುಷ್ ಕೆಟ್ಟವು, ಮೂರನೆಯದು ಗೂಟದ ಮೇಲೆ ಬೆಣ್ಣೆಯ ಹಾಗೆ ಜಾರಿ ಕೂತಾಗ, ಒಲೆಯ ಮೇಲಿಟ್ಟು ಬಂದಿದ್ದ ಗಂಜಿ ಸೀದ ವಾಸನೆ ಬಂತು.

ಗಂಜಿ ಸೀದದ್ದಕ್ಕೆ ಗೋಡೆಗೆ ಸಾಕಷ್ಟು ಬೈಗುಳ ಸಿಕ್ಕಿತು. ಆದರೆ ಮೊಟ್ಟೆಯಮ್ಮನ ಸಿಟ್ಟು ಗಂಜಿಯದ್ದಲ್ಲ. ಇಷ್ಟು ವರ್ಷ ಒಬ್ಬ ಟರ್ನರನ ಜೊತೆ ಬಾಳಿದವಳಿಗೆ ಲೇತಿನ ದನಿ ತಿಳಿಯದೆ? ಉಕ್ಕು ಕೊರೆದರೆ ಕಿರುಚುತ್ತದೆ, ಅಲ್ಯೂಮಿನಿಯಂ ಆದರೆ ಸರ್ರನೆ ಹೋಗುತ್ತದೆ. ನಲ್ಲಿಗೆ ಅಲ್ಯೂಮಿನಿಯಂ ಯಾಕೆ? ಅದರ ಮೇಲೆ, ಒಂದು ಮಧ್ಯಾಹ್ನ ಗ್ಯಾರೇಜಿನವನು ಬಂದು ಕಾರಿನ ಬಾನೆಟ್ ತೆಗೆದು, ಕೆಳಗೆ ಮಲಗಿ, ಗಂಡನ ಜೊತೆ ಗುಸುಗುಸು ಮಾತಾಡಿ ಹೋದ. ಕಿಟಕಿಯಿಂದ ನೋಡಿದ ಮೊಟ್ಟೆಯಮ್ಮ ಲೆಕ್ಕ ಹಾಕಿಬಿಟ್ಟಳು. ವ್ಯಾನಿನವನಿಗೆ ಒಪ್ಪಿಸುವ ಮುಂಚೆ ಕಾರಿಗೆ ರಿಪೇರಿ ನಡೆಯುತ್ತಿದೆ. ಮಗ ಬಾಯಿಬಿಟ್ಟು ಹೇಳಿದ, ಅಪ್ಪ ಬಾಯಿ ಮುಚ್ಚಿಕೊಂಡು ಮಾಡುತ್ತಿದ್ದಾನೆ.

ಮರುದಿನ ತಿಂಡಿಯ ಹೊತ್ತಿಗೆ ಅವಳು ಗೋಡೆಯನ್ನು ಬಿಟ್ಟು ನೇರವಾಗಿ ಗಂಡನ ಮುಖಕ್ಕೇ ಹೇಳಿದಳು. “ಮಾರೋ ಕಾರಿಗೆ ಸಿಂಗಾರ ಬೇರೆ ಮಾಡ್ತಿದ್ದೀರಾ? ಅವನು ಚಿಕ್ಕವನು, ಅವನಿಗೆ ತಿಳಿಯಲ್ಲ. ನಿಮಗೂ ತಿಳಿಯಲ್ವಾ?”

ಮಗ ಬ್ರೆಡ್ಡು ಕಚ್ಚುವುದನ್ನು ನಿಲ್ಲಿಸಿದ. ತಾಯಿಗೆ ಇಷ್ಟು ನೋವಾಗಿದೆ ಎಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಸೊಸೆ ಮಾವನ ಕಾಲನ್ನು ಮೇಜಿನ ಕೆಳಗೆ ಒದ್ದಳು.

“ನಾಳೆ ರಜ,” ಎಂದ ಲೇತಪ್ಪ. “ನಾಳೆ ಅಂಗಳಕ್ಕೆ ಬಾ. ಬಂದು ನೋಡಿ ಆಮೇಲೆ ಬೈ.”

ರಜೆಯ ದಿನ ಮಗ ಮೊಟ್ಟೆ ಹಾಕಿ ಬಂದು ಮತ್ತೆ ಮಲಗಿದ. ಅವನು ಏಳುವಷ್ಟರಲ್ಲಿ ಲೇತಪ್ಪ, ಗ್ಯಾರೇಜಿನವನು ಸೇರಿ ಹಿಡಿ ಕೂರಿಸಿ, ಕೇಬಲ್ ಎಳೆದು ಬಿಗಿದಿದ್ದರು. ಗ್ಯಾರೇಜಿನವನು ತಾನೇ ಎಳೆದು ನೋಡಿ, ಭೇಷ್ ಎಂದು ಹೋದ. ಮೊಟ್ಟೆಯಮ್ಮ ಕೋಲೂರಿಕೊಂಡು ಬಂದಳು. ಮಗ ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ಬಾಗಿಲಲ್ಲಿ ನಿಂತ. ಲೇತಪ್ಪ ಕಾರಿನ ಬಾಗಿಲು ತೆಗೆದು, ಗೇರಿನ ಮೇಲೆ ಹೊದಿಸಿದ್ದ ಬಟ್ಟೆ ತೆಗೆದ.

ಬೆಳಕಿಗೆ ಮಿನುಗುವ ಹಿಡಿ, ಅದರ ಮುಂದೆ ಬಾಗಿದ ಲಿವರ್. ಇದೇನೆಂದು ಯಾರೂ ಹೇಳಬೇಕಾಗಲಿಲ್ಲ. ಮೊಟ್ಟೆಯಮ್ಮ ಅದನ್ನು ನೋಡಿದಳು, ಪೆಡಲ್ ನೋಡಿದಳು, ತನ್ನ ಎಡಗಾಲು ನೋಡಿಕೊಂಡಳು. ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು ಸೀಟಿನಲ್ಲಿ ಕೂತಳು, ಎಷ್ಟೋ ವಾರಗಳ ಮೇಲೆ. ಕಾರು ಶುರುವಾಯಿತು. ಅವಳು ಹಿಡಿಯನ್ನು ಹಿಡಿದು ಬೆರಳು ಚಾಚಿದಳು.

ಬೆರಳು ಮುಟ್ಟಲಿಲ್ಲ. ಮುಟ್ಟಿತು, ತುದಿ ಮಾತ್ರ. ಎರಡು ಬೆರಳ ತುದಿಯಲ್ಲಿ ಎಳೆದರೆ ಲಿವರ್ ಅರ್ಧ ದಾರಿಗೆ ನಿಂತಿತು, ಗೇರು ಹಾಕಿದರೆ ಕರ್ರ್ ಎಂದು ಹಲ್ಲು ಕಡಿಯಿತು. ಇನ್ನೊಮ್ಮೆ, ಇನ್ನೂ ದೊಡ್ಡದಾಗಿ. ಮೂರನೇ ಸಲ ಕಾರು ಕೆಮ್ಮಿ ಆರಿಹೋಯಿತು.

ಮಗ ಬ್ರಶ್ ತೆಗೆದ. ಈ ಬಾರಿ ಅವನ ಮಾತಿನಲ್ಲಿ ಗಡಸು ಇರಲಿಲ್ಲ. “ಹೋಗ್ಲಿ ಬಿಡಪ್ಪ. ನೀನು ಮಾಡೋದು ಮಾಡಿದೀಯ.”

“ಸಾಧ್ಯವೇ ಇಲ್ಲ,” ಎಂದ ಲೇತಪ್ಪ. ಅವನ ಮುಖ ಬಿಳಿಚಿಕೊಂಡಿತ್ತು. “ಅಳತೆ ತಪ್ಪೋಕೆ ಸಾಧ್ಯವೇ ಇಲ್ಲ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ, ಸೌಟಿಂದ ತಗೊಂಡಿದ್ದು.”

“ಯಾವ ಸೌಟು?” ಎಂದಳು ಮೊಟ್ಟೆಯಮ್ಮ.

“ನಿನ್ನ ಸೌಟು. ನಾನು ಮಾಡಿಕೊಟ್ಟಿದ್ದು.”

ಮೊಟ್ಟೆಯಮ್ಮ ಸ್ಟಿಯರಿಂಗ್ ಮೇಲೆ ಹಣೆಯಿಟ್ಟಳು. ಹೆಗಲು ಅಲುಗತೊಡಗಿತು. ಅಳುತ್ತಿದ್ದಾಳೆಂದು ಸೊಸೆ ಓಡಿಬಂದಳು. ಮುಖ ಎತ್ತಿದಾಗ ನೋಡಿದರೆ ನಗು, ಹೊಟ್ಟೆ ಹಿಡಿದುಕೊಂಡು ನಗು.

“ರೀ, ಆ ಸೌಟು ನನ್ನ ಕೈಗೆ ಒಂದು ದಿನಕ್ಕಾದ್ರೂ ಹೊಂದಿತ್ತಾ? ಅದೇನು ಸೌಟಾ, ಒನಕೆ. ಗಟ್ಟಿ ಏನಾದ್ರೂ ತಿರುವಬೇಕಾದ್ರೆ ಎರಡೂ ಕೈ ಹಾಕ್ತಿದ್ದೆ. ನೀವು ನೋಡೇ ಇಲ್ವಾ?”

“ನೋಡಿದೀನಿ,” ಎಂದ ಲೇತಪ್ಪ. “ಅದು ನಿನ್ನ ರೀತಿ ಅಂದ್ಕೊಂಡಿದ್ದೆ.”

ಮಗ ಬಾಗಿಲಲ್ಲೇ ಕೂತು ನಕ್ಕ, ಬಾಯಲ್ಲಿದ್ದ ನೊರೆ ಅಂಗಿಗೆ ಬಿತ್ತು. ಸೊಸೆ ಕಾರಿಗೆ ಆತು ನಿಂತು ನಕ್ಕಳು. ಲೇತಪ್ಪನೊಬ್ಬ ನಗಲಿಲ್ಲ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದ.

“ಹೊಸದಾಗಿ ಮದುವೆ ಆಗಿತ್ತು. ಕಾಗದದಲ್ಲಿ ಸುತ್ತಿ ತಂದುಕೊಟ್ಟು, ನಿಂತುಕೊಂಡು ನನ್ನ ಮುಖಾನೇ ನೋಡ್ತಿದ್ರಿ. ಆ ಮುಖ ನೋಡಿ ದಪ್ಪ ಆಯ್ತು ಅಂತ ಹೇಳೋಕೆ ಯಾರಿಗಾದ್ರೂ ಮನಸ್ಸು ಬರುತ್ತಾ? ಆಮೇಲೆ ಹೇಳೋಣ ಅಂದ್ಕೊಂಡೆ. ಆಮೇಲೆ ಅಭ್ಯಾಸ ಆಗೋಯ್ತು.”

“ನಾನೂ ಆಮೇಲೆ ಅಂತಾನೇ ಬಿಟ್ಟಿದ್ದು,” ಎಂದ ಲೇತಪ್ಪ. ಅವನು ಸೌಟಿನ ಮಾತು ಆಡುತ್ತಿರಲಿಲ್ಲ. “ಆ ಎಣ್ಣೆ ಒರೆಸಿದ್ದಿದ್ರೆ.”

ಮೊಟ್ಟೆಯಮ್ಮನ ನಗು ನಿಂತಿತು. ಇದಾ ನಿಮ್ಮ ಬಾಯಿಗೆ ಬೀಗ ಹಾಕಿದ್ದು ಎನ್ನುವಂತೆ ಗಂಡನನ್ನು ನೋಡಿದಳು. “ಅಲ್ಲಿ ಎಣ್ಣೆ ಇರುತ್ತೆ ಅಂತ ನನಗೆ ಗೊತ್ತಿಲ್ವಾ? ಗೊತ್ತಿದ್ದೂ ಸಿಟ್ಟಲ್ಲಿ ನೆಲ ನೋಡದೆ ನುಗ್ಗಿದೋಳು ನಾನು. ಕಾಲು ಮುರಿದಿದ್ದಕ್ಕೆ ನನಗೆ ನಿಮ್ಮ ಮೇಲೆ ಒಂದು ದಿನ ಸಿಟ್ಟು ಬಂದಿಲ್ಲ. ಅವತ್ತು ಕೇಳಿದಾಗ ಬೇಳೆ ಬಡಿಸಿದ್ರಲ್ಲ, ಅದಕ್ಕೆ ಬಂತು.”

ಲೇತಪ್ಪ ಕಾರಿನ ಗಾಜನ್ನು ಅಂಗಿಯ ತೋಳಿನಿಂದ ಒರೆಸಿದ. ಆ ಗಾಜು ಶುಭ್ರವಾಗಿಯೇ ಇತ್ತು.

ಮಧ್ಯಾಹ್ನ ಸೊಸೆ ಹಿಟ್ಟು ಕಲಸುತ್ತಿದ್ದಳು. ಮೊಟ್ಟೆಯಮ್ಮ ಅದರಲ್ಲಿ ಒಂದು ಉಂಡೆ ಕಿತ್ತು, ಉದ್ದಕ್ಕೆ ಹೊಸೆದು, ಗೇರು ಹಿಡಿಯುವ ಹಾಗೆ ಎಡಗೈಯಲ್ಲಿ ಒತ್ತಿ ಹಿಡಿದಳು. ಬೆರಳ ಗುರುತು ಮೂಡಿದ ಹಿಟ್ಟನ್ನು ತಟ್ಟೆಯಲ್ಲಿಟ್ಟುಕೊಂಡು, ಕೋಲೂರುತ್ತ ತಾನೇ ಶೆಡ್ಡಿಗೆ ಹೋದಳು. ಗೋಣಿಚೀಲ ಹಾಸಿದ ನೆಲವನ್ನು ಕೋಲಿನಿಂದ ಕುಟ್ಟಿ ನೋಡಿ ಒಳಗೆ ಕಾಲಿಟ್ಟಳು. ತಟ್ಟೆಯನ್ನು ಲೇತಿನ ಪಕ್ಕದಲ್ಲಿಟ್ಟು, ಇದು ನನ್ನ ಕೈ ಎಂದಳು.

ಲೇತಪ್ಪ ವರ್ನಿಯರ್ ತೆಗೆದು ಹಿಟ್ಟಿಗೆ ಕಚ್ಚಿಸಿದ. ಅಳತೆ ಓದಿದ. ಆಮೇಲೆ ಅದನ್ನು ಕೆಳಗಿಟ್ಟು ಹೆಂಡತಿಯ ಕೈಯನ್ನೇ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ. ಇಷ್ಟು ಚಿಕ್ಕದಾ ಎಂದ. ಯಾವಾಗಲೂ ಇಷ್ಟೇ ಇತ್ತು ಎಂದಳು ಅವಳು.

ಮುಂದಿನ ಕೆಲವು ದಿನ ಇಬ್ಬರೂ ಸೇರಿಯೇ ಕೆಲಸ ನಡೆಸಿದರು. ಮೊಟ್ಟೆಯಮ್ಮ ಶೆಡ್ಡಿನಲ್ಲಿ ಸ್ಟೂಲು ಹಾಕಿಕೊಂಡು ಕೂರುವಳು. ಲೇತಪ್ಪ ಒಂದು ಪದರ ಕೊರೆದು ಯಂತ್ರ ನಿಲ್ಲಿಸಿ ಕೊಡುವನು. ಅವಳು ಹಿಡಿದು ನೋಡಿ, ಇನ್ನೊಂಚೂರು ಎನ್ನುವಳು. ಬೆರಳು ಕೂರುವ ತಗ್ಗುಗಳನ್ನು ಲೇತ್ ಮಾಡಲಾರದು, ಅವನ್ನು ಅರದಿಂದ ಉಜ್ಜಿ ಉಜ್ಜಿ ತೆಗೆದ. ಉಗುರಿಗೆ ತಾಗುತ್ತೆ ಎಂದರೆ ಅಲ್ಲೇ ಉಜ್ಜುವನು. ಲಿವರನ್ನು ಹತ್ತಿರಕ್ಕೆ ಬಾಗಿಸಿದ. ಅವಳು ಪಕ್ಕದಲ್ಲಿ ಕೂತು ಕೊಡುತ್ತಿದ್ದ ಕಾಟ ಇಷ್ಟಿಷ್ಟಲ್ಲ, ಕಾರ್ಖಾನೆಯಲ್ಲಿ ಯಾವ ಸೂಪರ್‌ವೈಸರನೂ ಇಷ್ಟು ಸತಾಯಿಸಿರಲಿಲ್ಲ ಎಂದು ಲೇತಪ್ಪ ಸೊಸೆಯ ಹತ್ತಿರ ದೂರಿದ. ದೂರುವಾಗ ಮುಖದಲ್ಲಿ ಮಾತ್ರ ಹಬ್ಬ ಇತ್ತು.

ಮಗನಿಗೆ ಹೆದರಿಕೆ ಹೋಗಿರಲಿಲ್ಲ. ರಸ್ತೆಯ ನಡುವೆ ಕೈ ಸೋತರೆ ಏನು ಗತಿ ಎಂದು ತಾಯಿಯನ್ನು ನೇರವಾಗಿ ಕೇಳಿದ. ನೀನು ಬಿದ್ದ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತವನು ನಾನು, ಇನ್ನೊಂದು ಸಲ ಕೂರಲಾರೆ ಎಂದ. ಮೊಟ್ಟೆಯಮ್ಮ ಅದಕ್ಕೆ ಜಗಳವಾಡಲಿಲ್ಲ, ಮಗನ ತಲೆ ನೇವರಿಸಿ, ನಿನಗೆ ಧೈರ್ಯ ಬರುವ ಹಾಗೆಯೇ ಆಗಲಿ ಎಂದಳು. ಸಾರಿಗೆ ಕಚೇರಿಯವರು ಹಿಡಿ ನೋಡಿ, ಅವಳು ಓಡಿಸುವುದನ್ನೂ ನೋಡಿ, ಒಪ್ಪಿ ಬರೆದುಕೊಟ್ಟರೆ ಮಾತ್ರ ಕಾರು ಉಳಿಯುವುದು, ಇಲ್ಲದಿದ್ದರೆ ವ್ಯಾನಿನವನಿಗೆ ಎಂದು ಮಾತಾಯಿತು. ಅದೇ ಸಂಜೆ ಮಗ ಏಣಿ ತಂದು ಲೇತಿಗೆ ಬೇರೆ ತಂತಿ ಎಳೆದು, ಬೇರೆ ಫ್ಯೂಸ್ ಕೂರಿಸಿದ. ಯಾರೂ ಕೇಳಿರಲಿಲ್ಲ. ಸೊಸೆ ಲೇತಿನ ಸದ್ದಿನ ನಡುವೆಯೇ ಅಂಗಿಗಳಿಗೆಲ್ಲ ಇಸ್ತ್ರಿ ಹಾಕಿದಳು.

ಪರೀಕ್ಷೆಯ ದಿನ ಮೊಟ್ಟೆಯಮ್ಮ ಯಾರಿಗೂ ಹೇಳದೆ ಕಾರಿನ ಹಿಂದೆ ಒಂದು ಟ್ರೇ ಮೊಟ್ಟೆ ಇಟ್ಟುಕೊಂಡಿದ್ದಳು. ಸಾರಿಗೆ ಕಚೇರಿಯ ಅಧಿಕಾರಿ ಗಂಭೀರ ಮನುಷ್ಯ. ಹಿಡಿಯನ್ನು ಅಲುಗಿಸಿ ನೋಡಿದ, ಕೇಬಲ್ ಎಳೆದು ನೋಡಿದ, ಕೆಳಗೆ ಬಗ್ಗಿ ಆ ರಾಟೆಯಂಥ ಗಾಲಿ ನೋಡಿದ. ಪಕ್ಕದಲ್ಲಿ ಕೂತು, ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ ಎಂದ. ಅಂಗಳದಲ್ಲಿ ಅಭ್ಯಾಸ ಮಾಡಿದ್ದು ಬೇರೆ, ಏರು ಬೇರೆ. ಲೇತಪ್ಪ ಗೇಟಿನ ಬಳಿ ಕಣ್ಣು ಮುಚ್ಚಿಕೊಂಡು ನಿಂತಿದ್ದ, ಕಿವಿ ಮಾತ್ರ ತೆರೆದಿತ್ತು. ಕರ್ರ್ ಎನ್ನುವ ಸದ್ದು ಬರಲಿಲ್ಲ. ಕಾರು ಏರು ಹತ್ತಿತು, ತಿರುಗಿತು, ಇಳಿದು ಬಂತು. ಇಳಿದ ಅಧಿಕಾರಿ ಹಿಂದಿನ ಟ್ರೇ ನೋಡಿ ಇದೇನು ಎಂದು ಕೇಳಿದನಂತೆ. ನನ್ನ ಪರೀಕ್ಷೆ ಅದು, ಬೇಕಾದರೆ ಎಣಿಸಿಕೊಳ್ಳಿ ಎಂದಳಂತೆ ಮೊಟ್ಟೆಯಮ್ಮ. ಒಂದೂ ಒಡೆದಿರಲಿಲ್ಲ. ಗಂಭೀರ ಮನುಷ್ಯ ಸಣ್ಣಗೆ ನಕ್ಕು ಸಹಿ ಹಾಕಿದ.

ಮಾರನೆಯ ಬೆಳಿಗ್ಗೆ ಮೊಟ್ಟೆಯಮ್ಮ ಒಬ್ಬಳೇ ಹೊರಟಳು. ಮಗ ಗೇಟಿನವರೆಗೆ ಬಂದು, ನಿಧಾನ ಎಂದ. ಸೊಸೆ ಅತ್ತೆಯ ಕೋಲನ್ನು ಮುಂದಿನ ಸೀಟಿನಲ್ಲಿಟ್ಟಳು. ಲೇತಪ್ಪ ಅಡುಗೆಮನೆಯ ಕಿಟಕಿಯಿಂದ ಗೇರು ಬದಲಾದದ್ದನ್ನು ಕೇಳಲು ನೋಡಿದ, ಕೇಳಿಸಲಿಲ್ಲ. ಬೇಕರಿಯವನ ಚಹಾ ಕುಡಿದು, ಹಾಸ್ಟೆಲಿನ ಅಡುಗೆಯವಳಿಗೆ ಮಂಡಿಯ ಕಥೆ ಹೇಳಿ, ವ್ಯಾನಿನವನು ಎದುರಾದಾಗ ಹಾರ್ನ್ ಹೊಡೆದು, ಎಂದಿಗಿಂತ ತಡವಾಗಿ ಅವಳು ಮನೆಗೆ ಬಂದಳು. ಅಷ್ಟರಲ್ಲಿ ಮಗ, ಸೊಸೆ ತಿಂಡಿಗೆ ಕೂತಿದ್ದರು. ಮೇಜಿನ ಮೇಲೆ ಬ್ರೆಡ್ಡು, ಗಂಜಿ, ಆಲೂಗಡ್ಡೆ ಪಲ್ಯ. ಮೊಟ್ಟೆ ಇರಲಿಲ್ಲ. ಮಗ ತಾಯಿಯ ಬರಿಗೈ ನೋಡಿ, ಒಂದೂ ಇಲ್ವಾ ಎಂದ. ಒಂದೂ ಇಲ್ಲ ಎಂದಳು, ಕುರ್ಚಿ ಎಳೆದು ಕೂತಳು.

ಒಲೆಯ ಮುಂದೆ ಲೇತಪ್ಪ ಸೌಟು ತೊಳೆದು ಒರೆಸುತ್ತಿದ್ದ. ಒರೆಸಿದ ಸೌಟನ್ನು ಕಂಕುಳಲ್ಲಿಟ್ಟುಕೊಂಡು ಹಿತ್ತಲ ಕಡೆ ಹೊರಟ.

“ಅದನ್ನೆಲ್ಲಿಗೆ ತಗೊಂಡು ಹೋಗ್ತೀರಿ?”

“ಸಣ್ಣ ಮಾಡ್ತೀನಿ. ನಿನ್ನ ಅಳತೆ ಈಗ ಗೊತ್ತಾಯ್ತಲ್ಲ. ಒಂದು ಪದರ ತೆಗೆದರೆ ಸಾಕು.”

“ಕೊಡಿ ಇಲ್ಲಿ.”

ಅವಳು ಸೌಟು ಇಸಿದುಕೊಂಡಳು. ಹಿಡಿಯನ್ನು ತಿರುಗಿಸಿ ನೋಡಿದಳು, ಹಿತ್ತಾಳೆಯ ಉಂಗುರವನ್ನು ಹೆಬ್ಬೆರಳಿನಿಂದ ಉಜ್ಜಿದಳು. ಆಮೇಲೆ ಗಂಡನ ಬಲಗೈ ಎಳೆದು ಅದರಲ್ಲಿ ಸೌಟಿಟ್ಟು, ಅವನ ಬೆರಳುಗಳನ್ನು ತಾನೇ ಮಡಚಿದಳು. ದಪ್ಪ ಬೆರಳುಗಳು ಹಿಡಿಯ ಸುತ್ತ ಒಂದಿಷ್ಟೂ ಸಂದಿಲ್ಲದಂತೆ ಕೂತವು.

“ನೋಡಿ, ಹ್ಯಾಗೆ ಕೂತಿದೆ. ಇದು ಯಾರ ಕೈ ಅಳತೆಗೆ ಕಡೆದಿದ್ದು ಅಂತ ಈಗಲಾದ್ರೂ ಗೊತ್ತಾಯ್ತಾ? ಇಷ್ಟು ದಿನ ನಿಮ್ಮ ಸೌಟು ನಾನು ಹಿಡಿದಿದ್ದೆ. ಇನ್ಮೇಲೆ ಬೆಳಿಗ್ಗೆ ನನಗೆ ಕಾರು, ನಿಮಗೆ ಒಲೆ.”

ಮಗ ಗಂಜಿಯ ಬಟ್ಟಲಿನ ಮೇಲೆ ತಲೆ ತಗ್ಗಿಸಿದ. ಸೊಸೆ ನಗು ಮುಚ್ಚಿಕೊಳ್ಳಲು ಗೋಡೆಯ ಕಡೆ ತಿರುಗಿದಳು. ಲೇತಪ್ಪ ಸೌಟನ್ನು ಒಂದು ಸಲ ಗಾಳಿಯಲ್ಲಿ ತಿರುವಿ ನೋಡಿದ. ನಿಜವೇ, ಅವನ ಕೈಗೆಂದೇ ಮಾಡಿದ ಹಾಗಿತ್ತು. ಮೊದಲ ಬಾರಿಗೆ ಅವನಿಗೂ ನಗು ಬಂತು, ಒಮ್ಮೆ ಬಂದದ್ದು ನಿಲ್ಲಲಿಲ್ಲ. ಕಣ್ಣೊರೆಸಿಕೊಂಡು ಒಲೆಯ ಕಡೆ ತಿರುಗಿದ.

“ಹಾಗಾದ್ರೆ ನಾಳೆ ಏನು ಮಾಡ್ಲಿ, ಹೇಳು.”

“ಮೊಟ್ಟೆ ಬಿಟ್ಟು ಏನಾದ್ರೂ ಮಾಡಿ,” ಎಂದಳು ಮೊಟ್ಟೆಯಮ್ಮ.